ಎರಡು ಸಭೆ, ಒಂದೇ ಸೂರು

ಎರಡು ಸಭೆಗಳು ಒಂದೇ ಸೂರಿನಡಿ ಸೇರಿದರೆ ನಗುವಂಥದ್ದು ಏನಾದರೂ ಆಗುತ್ತಲೇ ಇರುತ್ತದೆ. ಏನೂ ಆಗದ ಭಾನುವಾರ ಅಂದರೆ ನಾನು ಜ್ವರ ಬಂದು ಮನೆಯಲ್ಲೇ ಮಲಗಿದ್ದ ಭಾನುವಾರ.

ಹಲಸೂರಿನ ನಮ್ಮದು ಆಂಗ್ಲಿಕನ್ ಪದ್ಧತಿಯ ಕ್ರೈಸ್ತ ಸಭೆ. ವಿಮಾನಪುರದ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಅದರ ಸೆಕ್ರೆಟರಿ ಕೆಲಸ ನನ್ನ ಕೊರಳಿಗೆ ಬಿತ್ತು. ನಾಲ್ಕು ಬೀದಿ ಆಚೆ ಮೆಥೋಡಿಸ್ಟ್ ಸಭೆ. ಅವರ ಚರ್ಚಿನ ಚಾವಣಿ ಬಿರುಕು ಬಿಟ್ಟಿತು. ರಿಪೇರಿ ಮುಗಿಯುವ ತನಕ ಪಾಪ ಅವರೆಲ್ಲಿ ಕೂಡಬೇಕು?

ಐಕ್ಯದ ಬಗ್ಗೆ ನಮ್ಮ ಹಿರಿಯರು ವರ್ಷಗಟ್ಟಲೆ ಭಾಷಣ ಮಾಡಿದ್ದರು. ಈಗ ಮಾಡಿ ತೋರಿಸುವ ಸರದಿ. "ನಮ್ಮಲ್ಲಿಗೇ ಬನ್ನಿ, ಒಟ್ಟಿಗೇ ಆರಾಧನೆ ಮಾಡೋಣ" ಅಂದರು ನಮ್ಮ ಚರ್ಚಿನ ಗುರುಗಳಾದ ಅಯ್ಯನವರು. ಅವರ ಪಾಸ್ಟರ್ ಒಪ್ಪಿದರು. ನನಗೆ ಮಾತ್ರ ಒಳಗೊಳಗೇ ಅಳುಕು. ಜಗಳವಾಗಿ ಅರ್ಧಕ್ಕೇ ಎದ್ದುಹೋದರೆ, ಆಮೇಲೆ ಮಾರ್ಕೆಟ್ಟಿನಲ್ಲಿ ಎದುರಾದಾಗ ಮುಖಕ್ಕೆ ಮುಖ ಕೊಡುವುದು ಹೇಗೆ?

ಫ್ಯಾನಿನ ಕೆಳಗಿನ ಬೆಂಚು

ಮೊದಲ ಭಾನುವಾರವೇ ತಾಪತ್ರಯ. ಫ್ಯಾನಿನ ಕೆಳಗಿನ ಬೆಂಚು ನಮ್ಮ ಸಭೆಯ ಒಬ್ಬ ಅಜ್ಜಿಯದು. ಬರೆದಿಟ್ಟಿರಲಿಲ್ಲ ಅಷ್ಟೆ, ಎಲ್ಲರಿಗೂ ಗೊತ್ತಿತ್ತು. ಆವತ್ತು ಬಂದು ನೋಡಿದರೆ ಅಲ್ಲಿ ಮೆಥೋಡಿಸ್ಟರ ಅಜ್ಜಿಯೊಬ್ಬರು ಕೂತಿದ್ದಾರೆ. ನಮ್ಮ ಅಜ್ಜಿ ಪಕ್ಕದಲ್ಲೇ ಒತ್ತರಿಸಿ ಕೂತರು. ಅಯ್ಯನವರ ಬೋಧನೆ ಮುಗಿಯುವ ತನಕ ಇಬ್ಬರೂ ಎದುರಿನ ಗೋಡೆ ನೋಡುತ್ತಿದ್ದರು.

ಮುಂದಿನ ವಾರ ನಮ್ಮ ಅಜ್ಜಿ ಬೇಗ ಬಂದರು. ಅದರ ಮುಂದಿನ ವಾರ ಅವರ ಅಜ್ಜಿ ಇನ್ನೂ ಬೇಗ ಬಂದರು. ಹೀಗೇ ಪೈಪೋಟಿ ಬೆಳೆದು, ಒಂದು ಭಾನುವಾರ ಇಬ್ಬರೂ ಗೇಟು ತೆಗೆಯುವ ಮೊದಲೇ ಬಂದು ನಿಂತಿದ್ದರು. ಮುಂಜಾನೆಯ ಚಳಿಗೆ ಬೇರೆ ದಾರಿಯಿಲ್ಲದೆ ಎದುರಿನ ಅಂಗಡಿಯಲ್ಲಿ ಒಟ್ಟಿಗೆ ಟೀ ಕುಡಿದರು. ಮೊಣಕಾಲು ನೋವಿನಿಂದ ಶುರುವಾದ ಮಾತು ಸೊಸೆಯರ ತನಕ ಹೋಯಿತು. ಒಳಗೆ ಬರುವಷ್ಟರಲ್ಲಿ ಯಾರೋ ಹೊಸಬರು ಅದೇ ಬೆಂಚಿನಲ್ಲಿ ಕೂತಿದ್ದರು.

ಇಬ್ಬರೂ ಒಂದೇ ಉಸಿರಿಗೆ ಹೇಳಿದರು: "ಏಳಮ್ಮಾ, ಅದು ನಮ್ ಜಾಗ."

ಎರಡೂ ಸಭೆಗಳು ಸೇರಿ ಕೈಗೊಂಡ ಮೊದಲ ಕಾರ್ಯ ಅದೇ.

ಏಳುವುದೋ ಮಂಡಿಯೂರುವುದೋ

ಒಂದೇ ಕೀರ್ತನೆಗೆ ನಮ್ಮ ರಾಗ ಒಂದು, ಅವರ ರಾಗ ಇನ್ನೊಂದು; ಅದಂತೂ ಕೊನೆಯ ತನಕ ಸರಿಹೋಗಲಿಲ್ಲ. ಪ್ರಾರ್ಥನೆಗೆ ನಾವು ಮಂಡಿಯೂರುತ್ತೇವೆ, ಅವರು ಎದ್ದು ನಿಲ್ಲುತ್ತಾರೆ. ಕಮಿಟಿಯಲ್ಲಿ ಒಂದು ಸಂಜೆಯೆಲ್ಲ ಚರ್ಚೆಯಾಗಿ, "ಅವರವರ ಇಷ್ಟ, ಆದ್ರೆ ಒಬ್ರನ್ನೊಬ್ರು ಗೌರವಿಸ್ಬೇಕು" ಎಂದು ತೀರ್ಮಾನವಾಯಿತು.

ಮರು ಭಾನುವಾರ ಅವರನ್ನು ಗೌರವಿಸಲು ನಾವು ಎದ್ದು ನಿಂತೆವು. ನಮ್ಮನ್ನು ಗೌರವಿಸಲು ಅವರು ಮಂಡಿಯೂರಿದರು. ಇದನ್ನು ಕಂಡು ನಾವು ಕೆಳಗಿಳಿದೆವು, ಅವರು ಮೇಲೆದ್ದರು. ಕಲಬುರಗಿಯಿಂದ ಬಂದು ಎದುರು ಕಟ್ಟಡದಲ್ಲಿ ಗಾರೆ ಕೆಲಸ ಮಾಡುವವನೊಬ್ಬ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಆಮೇಲೆ ನನ್ನನ್ನು ಕರೆದು ಕೇಳಿದ:

"ವ್ಯಾಯಾಮ ಬರೀ ಐತಾರ ಅಷ್ಟೇ ಇರ್ತದೇನ್ರಿ?"

ಆಟೋಗೆ ಆಶೀರ್ವಾದ

ಪಾಸ್ಟರ್ ಊರಲ್ಲಿಲ್ಲದಾಗ ಅವರ ಸಭೆಯವರೊಬ್ಬರು ಹೊಸ ಆಟೋ ತಂದು ಚರ್ಚ್ ಮುಂದೆ ನಿಲ್ಲಿಸಿದರು. ಪ್ರಾರ್ಥನೆ ಮಾಡಿಕೊಡಬೇಕಿತ್ತು. ಪಾಸ್ಟರ್ ಆಗಿದ್ದರೆ ಕಣ್ಣು ಮುಚ್ಚಿದ ಕೂಡಲೇ ಮಾತು ಹರಿಯುತ್ತಿತ್ತು. ನಮ್ಮ ಅಯ್ಯನವರಿಗೆ ಪ್ರಾರ್ಥನಾ ಪುಸ್ತಕ ಇಲ್ಲದೆ ಆಗುವುದಿಲ್ಲ. ಪುಟ ತಿರುವಿದರು. ಹೊಸ ಮನೆಗೆ ಇತ್ತು, ಬೆಳೆಗೆ ಇತ್ತು, ಮಳೆಗೂ ಇತ್ತು. ಆಟೋಗೆ ಇರಲಿಲ್ಲ. ಕೊನೆಗೆ ಗಂಟಲು ಸರಿಮಾಡಿಕೊಂಡು ಸಮುದ್ರಯಾನ ಮಾಡುವವರ ಪ್ರಾರ್ಥನೆ ಓದಿಬಿಟ್ಟರು. ಅಲೆ, ಬಿರುಗಾಳಿ, ದಡ ಎಲ್ಲ ಬಂತು.

ಮುಗಿದ ಮೇಲೆ ಅವರಿಗೇ ಸಂಕೋಚವಾಯಿತು. "ಸ್ವಲ್ಪ ಹೊಂದಿಸ್ಕೊಳ್ಳಪ್ಪ" ಅಂದರು.

ಆಟೋದವರು ಕೈಮುಗಿದರು. "ಇಲ್ಲ ಅಯ್ಯನೋರೇ, ಸರಿಯಾಗೇ ಇದೆ. ಮಳೆ ಬಂದ್ರೆ ಬೀದೀಲಿ ದೋಣಿ ಇಳಿಸ್ತಾರಲ್ಲ, ಆ ಮಹದೇವಪುರದಲ್ಲೇ ನಮ್ಮನೆ."

ನೀವು ಎಲ್ಲಿದ್ದೀರಿ?

ಅಂತೂ ಅವರ ಚಾವಣಿ ಸರಿಯಾಗಿ, ಹೋಗುವ ದಿನ ಬಂತು. ಜಗಳದ ಭಯದಲ್ಲಿದ್ದ ನಾನೇ ಬೀದಿಯ ಕೊನೆಯ ತನಕ ಹೋಗಿ ಬೀಳ್ಕೊಟ್ಟು ಬಂದೆ. ಮುಂದಿನ ಭಾನುವಾರ ನಮ್ಮ ಚರ್ಚ್ ಬಿಕೋ ಎನ್ನುತ್ತಿತ್ತು. "ಶನಿವಾರ ಸಂಜೆ ಅವರು ಚರ್ಚಲ್ಲಿ ಸೇರಿರ್ತಾರೆ, ಹೇಳದೆ ಹೋಗಿ ಖುಷಿಪಡಿಸೋಣ" ಅಂದರು ಅಯ್ಯನವರು. ಉಡುಗೊರೆಗೆ ಒಂದು ಗೋಡೆ ಗಡಿಯಾರ ಹಿಡಿದು ಇಪ್ಪತ್ತು ಜನ ಹೊರಟೆವು. ಹೋಗಿ ನೋಡಿದರೆ ಬೀಗ.

ಅಷ್ಟರಲ್ಲಿ ಪಾಸ್ಟರ್ ಫೋನು. "ಸೆಕ್ರೆಟರಿಯವ್ರೇ, ಹೇಳದೆ ಬಂದು ಖುಷಿಪಡಿಸೋಣ ಅಂತ ಕೇಕ್ ತಂದಿದ್ವಿ. ನಿಮ್ಮ ಚರ್ಚಿಗೆ ಬೀಗ ಹಾಕಿದೆ. ನೀವು ಎಲ್ಲಿದ್ದೀರಿ?"

"ನಿಮ್ಮ ಗೇಟ್ ಮುಂದೆ" ಅಂದೆ.

ಪಾಸ್ಟರ್ ಕೇಳಿದರು: "ನಾವು ಬರೋಣ್ವಾ, ನೀವು ಬರ್ತೀರಾ?"

ಅಯ್ಯನವರನ್ನು ಕೇಳಿದೆ. "ಅದಕ್ಕೆ ಕಮಿಟಿ ಕರೀಬೇಕು" ಅಂದರು.

ಕಡೆಗೆ ನಡುದಾರಿಯ ದರ್ಶಿನಿ ಹೋಟೆಲಿನಲ್ಲಿ ಸೇರಿದೆವು. ನಿಂತು ತಿನ್ನುವ ಮೇಜಿನ ಮೇಲೆ ಕೇಕ್ ಇಟ್ಟೆವು. ಕಾಫಿ ಕೊಡುವವನು ಬಂದು, "ಯಾರ ಬರ್ತ್‌ಡೇ ಸಾರ್?" ಅಂದ. ಅಯ್ಯನವರು ಪಾಸ್ಟರ್ ಕಡೆ ಕೈ ತೋರಿಸಿದರು, ಪಾಸ್ಟರ್ ಅಯ್ಯನವರ ಕಡೆ. ಇಡ್ಲಿ ತಿನ್ನುತ್ತಿದ್ದವರೆಲ್ಲ ಚಪ್ಪಾಳೆ ತಟ್ಟಿ ಹುಟ್ಟುಹಬ್ಬದ ಹಾಡು ಶುರುಮಾಡಿಯೇಬಿಟ್ಟರು. ನಾವೂ ಸೇರಿಕೊಂಡೆವು. ಇಬ್ಬರೂ ಒಂದೇ ಚಾಕು ಹಿಡಿದು ಕೇಕ್ ಕತ್ತರಿಸಿದರು.

ಅಷ್ಟು ತಿಂಗಳಲ್ಲಿ ಎರಡೂ ಸಭೆಯವರು ಮೊದಲಿನಿಂದ ಕೊನೆಯ ತನಕ ಒಂದೇ ರಾಗದಲ್ಲಿ ಹಾಡಿದ್ದು ಅದೊಂದೇ ಹಾಡು.