ಕುಂಕುಮ ಪ್ಲಸ್, ವಿಭೂತಿ ಮೈನಸ್

ಎಲ್ಲರಿಗೂ ನಿದ್ದೆಯಲ್ಲಿ ಕನಸು ಬೀಳುತ್ತದೆ. ನನಗೆ ಕೈಯಲ್ಲಿ ಸ್ಕ್ರೂಡ್ರೈವರ್ ಇರುವಾಗಲೂ ಬೀಳುತ್ತದೆ. ಸಿಂದಗಿಯ ಶಾಲೆಯೊಂದರಲ್ಲಿ ಇಪ್ಪತ್ತು ವರ್ಷದಿಂದ ವಿದ್ಯುತ್ತಿನ ಪಾಠ ಹೇಳುತ್ತಿದ್ದೇನೆ. ಮನೆಯಲ್ಲಿ ಬಲ್ಬು ಬದಲಿಸುವವಳು ಮಾತ್ರ ನನ್ನ ಹೆಂಡತಿ ಗಿರಿಜಾ. ಅವಳು ಸೊಗಸಾಗಿ ಹಾಡುತ್ತಾಳೆ. ಒಂದು ದಿನ ರೊಟ್ಟಿ ಬಡಿಯುತ್ತ, "ನಾ ಹಾಡಿದ್ದು ನೀವು ಯಾವತ್ತರ ಕೇಳೀರೇನ್ರಿ?" ಅಂದಳು. ಮನಸ್ಸಿಗೆ ನಾಟಿತು. ನಾಲತವಾಡದ ಅವಳ ತವರಿನ ಮದುವೆಯಲ್ಲಿ ಅವಳು ಹಾಡಿದ ಸೋಬಾನೆ ಪದ ನನ್ನ ಮೊಬೈಲಿನಲ್ಲಿತ್ತು. ಭಾನುವಾರ ಅಲ್ಲಿಗೇ ಹೋಗುವವರಿದ್ದೆವು. ದಾರಿಯಲ್ಲಿ ಕಾರಿನೊಳಗೆ ಅದನ್ನೇ ಕೇಳಿಸಿ, ನಾನೆಂಥ ರಸಿಕ ಗಂಡನೆಂದು ತೋರಿಸಬೇಕು. ಹೂಬಿಟ್ಟ ತೊಗರಿ ಹೊಲ, ಇಳಿಬಿಸಿಲು, ಅವಳದೇ ದನಿ. ಈ ಗುಂಗಿನಲ್ಲಿ ಎರಡು ದಿನ ಹಾಜರಿ ಕರೆಯುವುದನ್ನೇ ಮರೆತೆ.

ನಮ್ಮ ಹಳೆಯ ಕಾರಿನ ಸ್ಪೀಕರುಗಳದು ಸೊಳ್ಳೆಯ ದನಿ. ಅದಕ್ಕೇ ಒಂದು ಆಂಪ್ಲಿಫೈಯರ್ ತಂದೆ. ಅಂಗಡಿಯ ಮೆಹಬೂಬ ಮಿಸ್ತ್ರಿ ಕಟ್ಟಿಕೊಡುತ್ತ, "ಸರ, ಮೊದಲ ಬ್ಯಾಟರಿ ಮೈನಸ್ ಬಿಚ್ಚರಿ. ಫ್ಯೂಸ್ ಬ್ಯಾಟರಿ ಹತ್ರನ ಇರಬೇಕು. ಪ್ಲಸ್ ಮೈನಸ್ ಅದಲಬದಲ ಆದ್ರ ಸುಟ್ಟ ಹೋಗತೈತ್ರಿ. ನಾ ಬರಲೇನು?" ಎಂದ.

"ನಾನು ಇದನ್ನ ಪಾಠ ಮಾಡಾಂವ ಅದೇನಿ," ಎಂದೆ.

"ಅದಕ್ಕ ಕೇಳಾಕತ್ತೇನ್ರಿ."

ಸಿಟ್ಟು ಬಂತು, ನುಂಗಿಕೊಂಡೆ. ಶನಿವಾರ ಮಧ್ಯಾಹ್ನ ಬ್ಯಾಟರಿಯ ಮೈನಸ್ ಬಿಚ್ಚಿ, ಆಂಪ್ಲಿಫೈಯರನ್ನು ಡಿಕ್ಕಿಯಲ್ಲಿಟ್ಟು, ಬಾನೆಟ್ಟಿನಿಂದ ಡಿಕ್ಕಿಯವರೆಗೆ, ಬಾಗಿಲುಗಳ ಸ್ಪೀಕರುಗಳಿಂದ ಡಿಕ್ಕಿಯವರೆಗೆ ವೈರು ಎಳೆದೆ. ಅಂಗಡಿಯಲ್ಲಿ ಸಿಕ್ಕದ್ದೆಲ್ಲ ಕಪ್ಪು ವೈರು. ಗುರುತಿರಲಿ ಎಂದು ದೇವರ ಜಗುಲಿಯಿಂದ ಬಟ್ಟಲು ತಂದು ಪ್ಲಸ್ಸಿನ ತುದಿಗಳಿಗೆ ಕುಂಕುಮ, ಮೈನಸ್ಸಿನ ತುದಿಗಳಿಗೆ ವಿಭೂತಿ ಹಚ್ಚಿದೆ. ನನ್ನ ಬುದ್ಧಿಗೆ ನಾನೇ ಮೆಚ್ಚಿ, ಚಹಾ ಕುಡಿಯಲು ಒಳಗೆ ಹೋದೆ. ಲೋಟ ಹಿಡಿದೇ ತೊಗರಿ ಹೊಲದ ದಾರಿಯಲ್ಲಿ ತೇಲಿಹೋದೆ. ಚಹಾ ಆರಿತು.

ಹೊರಗೆ ಬಂದರೆ ಗಿರಿಜಾ ಊದಿನಕಡ್ಡಿ ಬೆಳಗುತ್ತಿದ್ದಳು. ಒಂದೂ ಬಿಡದೆ ಎಲ್ಲ ತುದಿಗಳಿಗೂ ವಿಭೂತಿ, ಅದರ ಮೇಲೆ ಕುಂಕುಮ.

"ಇದೇನು ಮಾಡಿದಿ?"

"ಹೊಸಾ ಸಾಮಾನಕ್ಕ ಪೂಜಿ ಬ್ಯಾಡೇನ್ರಿ? ನೀವು ಅರ್ಧಕ್ಕ ಬಿಟ್ಟ ಹೋಗಿದ್ರಿ, ನಾ ಮುಗಿಸಿದೆ."

ನಾನು ಹಣೆ ಹಿಡಿದು ಕುಳಿತೆ. ತಪ್ಪಿದರೆ ಆಂಪ್ಲಿಫೈಯರೂ ಹೋಯಿತು, ಭಾನುವಾರವೂ ಹೋಯಿತು. ವಿಷಯ ಕೇಳಿದ ಅವಳು ಡಿಕ್ಕಿಯ ಹತ್ತಿರ ಹೋಗಿ ನಿಂತಳು. "ನೀವು ಆ ಕಡಿಂದ ಒಂದೊಂದ ಜಗ್ಗರಿ. ಇಲ್ಲಿ ಯಾವುದು ಅಲಗಾಡತೈತಿ, ಅದನ್ನ ನಾ ಹಿಡೀತೇನಿ." ಇಪ್ಪತ್ತು ವರ್ಷದ ಪಾಠದಲ್ಲಿ ಇದು ಇರಲಿಲ್ಲ. ಈ ಸಲ ಪ್ಲಸ್ಸಿನ ಗುರುತಿಗೆ ಅವಳ ಹೊಲಿಗೆಯ ಕೆಂಪು ದಾರ ಕಟ್ಟಿದೆವು. ಎಲ್ಲ ಬಿಗಿದ ಮೇಲೆ, ಕೊನೆಗೆ, ಬ್ಯಾಟರಿಯ ಮೈನಸ್ ಹಾಕಿದೆ. ಏನೂ ಸುಡಲಿಲ್ಲ.

ಭಾನುವಾರ ತಾಳಿಕೋಟೆ ದಾಟಿದ ಮೇಲೆ ಹಾಡು ಹಚ್ಚಿದೆ. ಅದನ್ನು ನಾನೂ ಕೇಳುತ್ತಿದ್ದುದು ಅದೇ ಮೊದಲ ಸಲ. ಅವಳ ದನಿ ತುಂಬಿ ಬಂತು. ಅಷ್ಟರಲ್ಲಿ ಹಾಡಿನ ಮೇಲೇರಿ ಗಂಡಸಿನ ದೊಡ್ಡ ದನಿಯೊಂದು ಕಾರೆಲ್ಲ ತುಂಬಿತು: "ಊಟಕ್ಕ ಇನ್ನೂ ಎಷ್ಟೊತ್ತ್ರಿ? ಬದನಿಕಾಯಿ ಪಲ್ಯಾ ಐತೋ ಇಲ್ಲೋ?"

ಮದುವೆಯಲ್ಲಿ ಮೊಬೈಲು ಹಿಡಿದು ರೆಕಾರ್ಡ್ ಮಾಡಿದವನು ನಾನೇ ತಾನೆ. ನಾಲ್ಕೂ ಸ್ಪೀಕರುಗಳಲ್ಲಿ ನಾನೇ. ಗಡಬಡಿಸಿ ದನಿ ಇಳಿಸಲು ಹೋದೆ. ಗಿರಿಜಾ ನನ್ನ ಕೈ ಸರಿಸಿದಳು.

"ಇರ್ಲಿ ಬಿಡ್ರಿ. ನೀವು ನನ್ನ ಹಾಡು ಹೆಂಗ ಕೇಳತೀರಿ ಅಂತ, ಇವತ್ತರ ನೀವ ಕೇಳ್ರಿ."