ಕಾಗದದ ಅಳತೆಯ ಗುಂಡು

ಹಳೆಯ ಆಯುಧವನ್ನು ಸರ್ಕಾರಕ್ಕೆ ಒಪ್ಪಿಸಲು ಇಚ್ಛಿಸುವವರು ಅದರ ನಳಿಗೆಗೆ ಹೊಂದುವ ಆರು ಗುಂಡುಗಳನ್ನೂ ಜೊತೆಯಲ್ಲೇ ಒಪ್ಪಿಸತಕ್ಕದ್ದು. ತಪ್ಪಿದಲ್ಲಿ ಆಯುಧವನ್ನು ಸ್ವೀಕರಿಸತಕ್ಕದ್ದಲ್ಲ.

ಈ ನಿಯಮವನ್ನು ಬರೆದವನು ನಾನೇ. ಆಯುಧ ಪರವಾನಗಿ ಕಚೇರಿಯಲ್ಲಿ ನಾನು ಹಿರಿಯ ಗುಮಾಸ್ತ. ಅರ್ಜಿ ನಮೂನೆಯ ಕೊನೆಯಲ್ಲಿ ನಾಲ್ಕು ಬೆರಳಷ್ಟು ಜಾಗ ಖಾಲಿ ಉಳಿದು ನೋಡಲು ಬೋಳುಬೋಳಾಗಿತ್ತು. ಊಟಕ್ಕೆ ಏಳುವ ಮುಂಚೆ ಹೀಗೆ ತುಂಬಿಸಿದೆ. ಸಾಹೇಬರು ಓದದೆಯೇ ಮೆಚ್ಚಿ ಸಹಿ ಹಾಕಿದರು.

ನಿಯಮಕ್ಕೆ ಮೊದಲು ಸಿಕ್ಕಿಬಿದ್ದವರು ನನ್ನ ಸೋದರಮಾವ.

ಮಾವನ ಹತ್ತಿರ ನಮ್ಮ ತಾತನ ಕಾಲದ ರಿವಾಲ್ವರ್ ಒಂದಿತ್ತು. ಎಷ್ಟೋ ವರ್ಷಗಳಿಂದ ಕಪಾಟಿನಲ್ಲಿ ಉಣ್ಣೆಯ ಶಾಲು ಹೊದ್ದು ಮಲಗಿತ್ತು. ಒಂದು ದಿನ ಅತ್ತೆ ಶಾಲು ಕೊಡವಿದಾಗ ಅದು ಅವರ ಕಾಲಿನ ಹೆಬ್ಬೆರಳ ಮೇಲೆ ಬಿತ್ತು. “ಅದು ಇರೋ ಮನೇಲಿ ನಾನಿರಲ್ಲ” ಎಂದು ಅತ್ತೆ ಗಂಟುಮೂಟೆ ಕಟ್ಟಿ, ಕುಂಟುತ್ತಾ ನಮ್ಮ ಮನೆಗೆ ಬಂದರು. ನಮ್ಮದು ಒಂದು ಕೋಣೆ, ಒಂದು ಹಜಾರದ ಮನೆ. ಮಂಚ ಅತ್ತೆಗೂ ನನ್ನ ಹೆಂಡತಿಗೂ ಹೋಯಿತು, ಬೆಂಚು ನನಗೆ ಉಳಿಯಿತು. ನಾನು ಹಲ್ಲುಜ್ಜುವ ಸದ್ದಿನಿಂದ ಹಿಡಿದು ಚಪ್ಪಲಿ ಬಿಡುವ ದಿಕ್ಕಿನವರೆಗೆ ಅತ್ತೆ ಎಲ್ಲವನ್ನೂ ತಿದ್ದತೊಡಗಿದರು.

ಹಾಗಾಗಿ ಮಾವ ರಿವಾಲ್ವರನ್ನು ಚೀಲದಲ್ಲಿ ಹಾಕಿಕೊಂಡು ನನ್ನ ಕಿಟಕಿಗೆ ಬಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

“ತಗೊಳ್ಳೋ, ಇದರ ಸಹವಾಸ ಸಾಕು.”

“ಗುಂಡು ಎಲ್ಲಿ ಮಾವ?”

“ಗುಂಡೆಲ್ಲಿ ಬಂತು? ನಮ್ಮಪ್ಪ ಇದ್ದಾಗಲೇ ಮುಗಿದಿತ್ತು.”

“ಹಾಗಾದ್ರೆ ಆರು ಕೊಂಡು ತರಬೇಕು.”

“ಬೇಡ ಅಂತ ಕೊಡೋ ರಿವಾಲ್ವರಿಗೆ ಗುಂಡು ಕೊಂಡ್ಕೋಬೇಕಾ? ಯಾವ ಪುಣ್ಯಾತ್ಮನಪ್ಪಾ ಇದನ್ನ ಬರೆದಿದ್ದು?”

“ಮೇಲಿನವರು” ಎಂದೆ. ಬರೆಯುವಾಗ ನಾನು ಮೇಲಿನ ಮಹಡಿಯಲ್ಲಿ ಕೂತಿದ್ದೆ; ಸುಳ್ಳೇನಲ್ಲ.

ನಾನೇ ಅವರನ್ನು ಗುಂಡಿನ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವನು ಕನ್ನಡಕ ಏರಿಸಿ ನಳಿಗೆಯನ್ನು ಅಳೆದ.

“ಬುಡದಲ್ಲಿ ಒಂಬತ್ತು ಮಿಲಿಮೀಟರ್. ಬಾಯಿ ಸವೆದು ಒಂಬತ್ತೂಕಾಲು. ನಿಮ್ಮ ಲೈಸೆನ್ಸಿನಲ್ಲಿ ಹನ್ನೊಂದು ಅಂತಿದೆ. ಯಾವುದಕ್ಕೆ ಕೊಡಲಿ ಸಾರ್?”

ಆ ಹನ್ನೊಂದನ್ನು ಬರೆದವನೂ ನಾನೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ದಾಖಲೆ ನಕಲು ಮಾಡುವಾಗ ಮೇಲಿನ ಸಾಲಿನ ಅಂಕಿಯನ್ನು ಮಾವನ ಸಾಲಿಗೆ ಇಳಿಸಿಬಿಟ್ಟಿದ್ದೆ. ತಿದ್ದುವುದು ಬಹಳ ಸುಲಭ. ತಪ್ಪು ಬರೆದ ನೌಕರನಿಗೆ ನೋಟಿಸು ಕೊಟ್ಟು, ವಿವರಣೆ ಪಡೆದು, ಅವನ ಮುಂಬಡ್ತಿ ತಡೆಹಿಡಿದರೆ ಮುಗಿಯಿತು. ನನ್ನ ಮುಂಬಡ್ತಿ ಆ ತಿಂಗಳೇ ಇತ್ತು.

“ಕಾಗದಕ್ಕೆ ಕೊಡಿ” ಎಂದೆ.

ಮಾವ ನನ್ನ ಮುಖ ನೋಡಿದರು. ನಾನು ಅಂಗಡಿಯ ತೂಗುಫಲಕ ಓದತೊಡಗಿದೆ.

ಕಚೇರಿಯ ಪರೀಕ್ಷಕರು ಗುಂಡನ್ನು ಒತ್ತಿದರು, ತಿರುವಿದರು, ಉಫ್ ಎಂದು ಊದಿಯೂ ನೋಡಿದರು. ಒಳಗೆ ಹೋಗಲಿಲ್ಲ. “ಗುಂಡುಗಳು ದಾಖಲೆಯಂತೆ ಸರಿಯಾಗಿವೆ. ರಿವಾಲ್ವರ್ ಮಾತ್ರ ದಾಖಲೆಯಂತಿಲ್ಲ” ಎಂದು ಷರಾ ಬರೆದರು. ಅಲ್ಲಿಂದ ನಳಿಗೆ ಹಿಗ್ಗಿಸಲು ಲೇತ್ ಮೇಸ್ತ್ರಿಯ ಬಳಿಗೆ ಹೋದೆವು.

“ಸಾರ್, ಇದು ಇಷ್ಟು ದಿನ ಯಾರ ತಂಟೆಗೂ ಹೋಗಿಲ್ಲ. ಕೊರೆದು ಸರಿಮಾಡಿದ್ರೆ ಕೆಲಸ ಮಾಡ್ತದೆ, ನೋಡಿ” ಎಂದ ಮೇಸ್ತ್ರಿ.

“ಮಾಡಲಿ” ಎಂದೆ. ಮುಂಬಡ್ತಿಗೆ ಹನ್ನೆರಡು ದಿನ ಬಾಕಿಯಿತ್ತು.

ಮೇಸ್ತ್ರಿ ಕೈಚಳಕದವನು. ಗುಂಡು ಬೆಣ್ಣೆಯಲ್ಲಿ ಚಾಕುವಿನಂತೆ ಇಳಿಯಿತು. ರಿವಾಲ್ವರನ್ನೂ ಆರು ಗುಂಡುಗಳನ್ನೂ ಸಾಹೇಬರ ಮೇಜಿನ ಮೇಲೆ ಇಟ್ಟೆವು. ಸಾಹೇಬರು ನಳಿಗೆಯ ಹೊಳಪು ನೋಡಿ ಹುಬ್ಬೇರಿಸಿದರು.

“ಇದು ಹೊಸ ಆಯುಧ ಕಣ್ರೀ. ಹಳೇ ಆಯುಧದ ನಮೂನೆಯಲ್ಲಿ ಹೊಸದನ್ನ ತಗೊಳ್ಳೋಕೆ ಬರಲ್ಲ. ಹೊಸ ಲೈಸೆನ್ಸ್ ಕೊಡ್ತೀನಿ. ಇದು ಹಳೇದಾದ ಮೇಲೆ ತಗೊಂಡು ಬನ್ನಿ.”

“ಯಾವಾಗ ಹಳೇದಾಗುತ್ತೆ ಸ್ವಾಮಿ?” ಎಂದರು ಮಾವ.

“ಐವತ್ತು ವರ್ಷಕ್ಕೆ.”

ಮಾವನಿಗೆ ಆಗ ಅರವತ್ತೆಂಟು. ಅವರು ಬೆರಳು ಮಡಚಿ ಎಣಿಸಿ, “ಬರ್ತೀನಿ” ಎಂದರು.

ಗುಂಡು ತುಂಬುವ ರಿವಾಲ್ವರ್ ಜೊತೆ ಒಬ್ಬರೇ ಮಲಗಲು ಮಾವನಿಗೆ ಧೈರ್ಯ ಸಾಲಲಿಲ್ಲ. ಮರುದಿನ ಅದನ್ನು ಹಿಡಿದು ನಮ್ಮ ಮನೆಗೇ ಬಂದರು.

“ಆಗ ಬರೀ ಕಬ್ಬಿಣ ಇತ್ತು. ಈಗ ಅದಕ್ಕೆ ಜೀವ ಬೇರೆ ಬರಿಸ್ಕೊಂಡು ಬಂದ್ರಾ?” ಎಂದರು ಅತ್ತೆ. ನಿಂತ ಕಾಲಲ್ಲೇ ತಮ್ಮ ಮನೆಗೆ ಹೊರಟರು. ನನ್ನ ಹೆಂಡತಿ ಒಲೆ ಆರಿಸಿ, “ಅತ್ತೆ ಕಾಲು ಇನ್ನೂ ವಾಸಿಯಾಗಿಲ್ಲ” ಎಂದು ಅವರ ಜೊತೆಗೇ ನಡೆದಳು. ಲೈಸೆನ್ಸಿನಲ್ಲಿ ಮಾವನ ವಿಳಾಸ ಬದಲಾವಣೆಯನ್ನು ನಾನೇ ಅರ್ಧ ಗಂಟೆಯಲ್ಲಿ ಮಾಡಿಕೊಟ್ಟೆ. ನಮ್ಮ ಕಚೇರಿ ನಿಧಾನ ಎನ್ನುವವರು ಇದನ್ನು ಗಮನಿಸಬೇಕು.

ಮುಂಬಡ್ತಿ ಬಂತು. ದಾಖಲೆ, ಗುಂಡು, ನಳಿಗೆ ಮೂರೂ ಒಂದೇ ಅಳತೆಗೆ ಬಂದ ಏಕೈಕ ಕಡತವೆಂದು ಸಾಹೇಬರು ಎಲ್ಲರೆದುರು ಹೊಗಳಿದರು. ಗುಮಾಸ್ತರು ಚಪ್ಪಾಳೆ ತಟ್ಟಿದರು. ಮಾವನೂ ಬಂದು ಹಿಂದಿನ ಸಾಲಿನಲ್ಲಿ ಕೂತು ತಟ್ಟಿದರು.

ಈಗ ಬೆಳಗಿನ ಅಡುಗೆ ನನ್ನದು, ಸಂಜೆಯದು ಮಾವನದು. ಆಯುಧವಿರುವ ಮನೆಯನ್ನು ಖಾಲಿ ಬಿಡತಕ್ಕದ್ದಲ್ಲವಾದ್ದರಿಂದ ಭಾನುವಾರ ಒಬ್ಬರು ಬಂದ ಮೇಲೆ ಒಬ್ಬರು ಹೋಗಿ ಹೆಂಡತಿಯರನ್ನು ನೋಡಿಕೊಂಡು ಬರುತ್ತೇವೆ. ನನ್ನವಳು ಸ್ವಲ್ಪ ಮೈಕೈ ತುಂಬಿಕೊಂಡಿದ್ದಾಳೆ.

“ಇನ್ನೆಷ್ಟು ವರ್ಷ?” ಎಂದು ಬಾಗಿಲಲ್ಲೇ ಕೇಳುತ್ತಾಳೆ.

“ನಲವತ್ತೊಂಬತ್ತು.”

“ಅಷ್ಟೇ ತಾನೆ, ಕೂತ್ಕೊಳ್ಳಿ” ಎಂದು ಚಹಾ ಸೋಸಲು ಒಳಗೆ ಹೋಗುತ್ತಾಳೆ.