ಕಾಲು ಸ್ವಿಚ್ಚು ಹಾಕಲು ಹೋದಲ್ಲೆಲ್ಲ

ಬೇರೆಯವರ ಬೆರಳು ಉಳಿಸುವ ಕೆಲಸ ಹಿಡಿದ ಮೇಲೆ, ಮನೆಗೆ ಬಂದು ಗಂಡನ ಹತ್ತಿರ ಹೇಳಿ ನಗಲು ಏನೂ ಇಲ್ಲದ ವಾರ ಅಂತ ನನಗೆ ಬಂದದ್ದೇ ಇಲ್ಲ.

ರಿಪ್ಪನ್‌ಪೇಟೆಯಲ್ಲಿ ನನ್ನದೊಂದು ಸಣ್ಣ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ಮೋಟಾರಿಗೆ ತಂತಿ ಸುತ್ತುವುದು ಅಪ್ಪನಿಂದ ಕಲಿತ ಕಸುಬು. ಮರದ ಕೆಲಸದವರ ಮಷಿನ್ನುಗಳಿಗೆ ಕಾಲು ಸ್ವಿಚ್ಚು ಜೋಡಿಸುವುದು ಮಾತ್ರ ನಾನೇ ಶುರು ಮಾಡಿಕೊಂಡದ್ದು. ವಿಷಯ ಬಹಳ ಸರಳ. ನೆಲದ ಮೇಲೆ ಒಂದು ಪೆಡಲ್. ತುಳಿದು ಹಿಡಿದರೆ ಮಷಿನ್ ತಿರುಗುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ. ಸ್ವಿಚ್ಚು ಹುಡುಕಿಕೊಂಡು ತಿರುಗುವ ಬ್ಲೇಡಿನ ಮೇಲೆ ಕೈ ಚಾಚಬೇಕಿಲ್ಲ. ಇಷ್ಟನ್ನು ಜನರಿಗೆ ಒಪ್ಪಿಸಲು ನಾನು ಪಟ್ಟ ಪಾಡು ಮಾತ್ರ ಸರಳವಲ್ಲ.

ಏನೂ ಆಗಿಲ್ಲ

ಹೊಸನಗರದ ಕಡೆಯ ಒಬ್ಬ ಹಿರಿಯ ಬಡಗಿಯ ಮನೆಗೆ ಹೋಗಿದ್ದೆ. ಫೋನ್ ಮಾಡಿ ಕರೆಸಿದ್ದು ಅವರ ಹೆಂಡತಿ. ಬಡಗಿ ನನ್ನನ್ನು ನೋಡಿದರು, ನನ್ನ ಸ್ಕೂಟರಿನ ಹಿಂದಿನ ಸೀಟು ನೋಡಿದರು.

"ಮೇಸ್ತ್ರಿ ಬರ್ಲಿಲ್ವಾ?"

"ನಾನೇ ಮೇಸ್ತ್ರಿ."

ಅವರು ಇನ್ನೊಂದು ಸಲ ಹಿಂದಿನ ಸೀಟು ನೋಡಿದರು. ಆಮೇಲೆ, "ಅದೆಲ್ಲ ಬ್ಯಾಡ. ನಾನು ಮೂವತ್ತು ವರ್ಷದಿಂದ ಮರ ಕೊಯ್ತಿದೀನಿ. ಇವತ್ತಿನವರೆಗೆ ಏನೂ ಆಗಿಲ್ಲ," ಎಂದು ಎಡಗೈ ಎತ್ತಿ ತೋರಿಸಿದರು. ಆ ಕೈಯಲ್ಲಿ ಮೂರೇ ಬೆರಳಿದ್ದವು.

"ಮತ್ತೆ ಆ ಎರಡು?"

"ಅವೆರಡೂ ಒಂದೇ ಸಲ ಹೋಗಿದ್ದು. ಅದನ್ನೊಂದು ಹೇಳ್ತಾರಾ?"

ಆದದ್ದು ಇಷ್ಟು. ಮರ ಕೊಯ್ಯುವಾಗ ಕರೆಂಟ್ ಹೋಗಿದೆ. ಸ್ವಿಚ್ಚು ಆಫ್ ಮಾಡಲು ಮರೆತು, ಬ್ಲೇಡಿಗೆ ಸಿಕ್ಕಿಕೊಂಡ ಚಕ್ಕೆ ಬಿಡಿಸಲು ಕೈ ಹಾಕಿದ್ದಾರೆ. ಅಷ್ಟರಲ್ಲಿ ಕರೆಂಟ್ ಬಂದಿದೆ. ಒಳಗಿಂದ ಹೆಂಡತಿ, "ನೀವು ಹಾಕಿ ಅಕ್ಕ, ಅವರ ಮಾತು ಕೇಳ್ಬೇಡಿ," ಎಂದು ಕೂಗಿದರು.

"ಹಾಕಿ, ಹಾಕಿ," ಎಂದರು ಬಡಗಿ. "ಆದ್ರೆ ಇನ್ನೊಂದು ಬೆರಳು ಹೋದ್ರೆ ನೀವೇ ಜವಾಬ್ದಾರಿ."

"ಆಯ್ತು. ಮೊದಲಿನ ಎರಡಕ್ಕೆ ಯಾರು ಜವಾಬ್ದಾರಿ?"

ಒಂಚೂರೂ ಯೋಚಿಸದೆ ಹೇಳಿದರು: "ಕರೆಂಟಿನವರು."

ರಜೆ ಕೇಳದ ಕಾಲು

ಸಾಗರದಲ್ಲಿ ಮಂಚ, ಕುರ್ಚಿ ಮಾಡಿಸಿ ಮಾರುವ ಒಬ್ಬ ಯಜಮಾನರು ಒಂದೇ ಸಲಕ್ಕೆ ಮೂರು ಮಷಿನ್ನಿಗೆ ಕಾಲು ಸ್ವಿಚ್ಚು ಹಾಕಿಸಿದರು. ಇಷ್ಟು ತಿಳಿವಳಿಕೆಯ ಮನುಷ್ಯ ಎಲ್ಲೂ ಇಲ್ಲವೆಂದು ನಾನು ಊರೆಲ್ಲ ಹೊಗಳಿದ್ದೆ.

ಹದಿನೈದು ದಿನ ಬಿಟ್ಟು ಆ ದಾರಿಯಲ್ಲಿ ಹೋದಾಗ ಒಳಗೆ ಇಣುಕಿದೆ. ಮೂರೂ ಮಷಿನ್ ಭರ್ರೆಂದು ತಿರುಗುತ್ತಿದ್ದವು. ಅವುಗಳ ಮುಂದೆ ಒಬ್ಬನೂ ಇಲ್ಲ! ಕೆಲಸದವರು ಹೊರಗೆ ಟೀ ಕುಡಿಯುತ್ತಿದ್ದರು. ಎರಡು ಪೆಡಲ್ ಮೇಲೆ ಎರಡು ಜಂಬಿಟ್ಟಿಗೆ ಕಲ್ಲು, ಮೂರನೆಯದರ ಮೇಲೆ ದೋಸೆಹಿಟ್ಟು ರುಬ್ಬುವ ಗುಂಡುಕಲ್ಲು.

"ಇದೆಂತದು ಯಜಮಾನ್ರೇ?"

"ನಿಮ್ಮ ಸ್ವಿಚ್ಚು ಭಾರಿ ಚೆನ್ನಾಗಿದೆ ಅಕ್ಕ. ಆದ್ರೆ ತುಳಿದೂ ತುಳಿದೂ ನಮ್ಮವರಿಗೆ ಕಾಲು ನೋವು. ಕಲ್ಲಿಗಾದ್ರೆ ನೋವೂ ಇಲ್ಲ, ಅದು ರಜೆನೂ ಕೇಳಲ್ಲ."

"ಹಾಗಾದ್ರೆ ಕಾಲು ಸ್ವಿಚ್ಚು ಹಾಕಿಸಿದ್ದು ಯಾತಕ್ಕೆ?"

"ಸೇಫ್ಟಿಗೆ!"

ನನಗೆ ಸಿಟ್ಟು ನೆತ್ತಿಗೇರಿತು. ಒಂದೊಂದೇ ಕಲ್ಲು ಎತ್ತಿ ಹೊರಗೆ ಎಸೆಯತೊಡಗಿದೆ. ಎರಡು ಹೋಗುವವರೆಗೆ ಯಜಮಾನರು ಸುಮ್ಮನಿದ್ದರು. ಗುಂಡುಕಲ್ಲಿಗೆ ಕೈ ಹಾಕಿದ ಕೂಡಲೇ ಓಡಿ ಬಂದು ನನ್ನ ಕೈ ತಡೆದರು. "ಅದೊಂದು ಎಸೀಬೇಡಿ ಅಕ್ಕ! ಮನೇಲಿ ಹೆಂಡ್ತಿ ಮೂರು ದಿನದಿಂದ ಹುಡುಕ್ತಿದಾಳೆ. ನಾನೂ ಜೊತೆಗೆ ಹುಡುಕ್ತಿದೀನಿ."

ತಪ್ಪಾಯ್ತು

ಬಾಗಿಲಿಗೆ ಹೂಬಳ್ಳಿ ಕೆತ್ತುವ ಒಬ್ಬರಿದ್ದಾರೆ. ಬಹಳ ದೈವಭಕ್ತರು. ಸ್ವಿಚ್ಚು ಜೋಡಿಸಿ, "ತುಳೀರಿ," ಎಂದೆ.

"ಎಂತ ಮಾರಾಯ್ತಿ! ಆಯುಧಪೂಜೆಗೆ ಕುಂಕುಮ ಹಚ್ಚೋ ಮಷಿನ್ನು. ಅದಕ್ಕೆ ಕಾಲು ತಾಗ್ಸೋದಾ?"

ಅರ್ಧ ಗಂಟೆ ಪುಸಲಾಯಿಸಿದ ಮೇಲೆ ತುಳಿದರು. ತುಳಿದ ಮರುಕ್ಷಣ, "ತಪ್ಪಾಯ್ತು," ಎನ್ನುತ್ತ ಬಗ್ಗಿ ಪೆಡಲ್ ಮುಟ್ಟಿ ಕಣ್ಣಿಗೊತ್ತಿಕೊಂಡರು. ಕಾಲು ತೆಗೆದಿರಲಿಲ್ಲ, ಹಾಗಾಗಿ ಮೇಲೆ ಬ್ಲೇಡು ತಿರುಗುತ್ತಲೇ ಇತ್ತು. ಅವರ ಹಣೆ ಅದರಿಂದ ಒಂದು ಗೇಣು ದೂರ. ಮತ್ತೆ ತುಳಿದರು, ಮತ್ತೆ ಬಗ್ಗಿದರು. ಬೆರಳು ಉಳಿಸಲು ಬಂದವಳು ತಲೆಗೇ ಸಂಚಕಾರ ತಂದೆನಲ್ಲ ಎಂದು ನನಗೆ ಬೆವರಿಳಿಯಿತು.

"ಒಂದು ಕೆಲ್ಸ ಮಾಡಿ," ಎಂದೆ. "ಬೆಳಿಗ್ಗೆ ಬಂದ ಕೂಡ್ಲೇ, ಮಷಿನ್ ಶುರು ಮಾಡೋಕೆ ಮೊದಲೇ, ಇಡೀ ದಿನದ್ದು ಸೇರಿಸಿ ಒಂದೇ ನಮಸ್ಕಾರ ಹಾಕಿಬಿಡಿ."

ಅವರು ಗಂಭೀರವಾಗಿ ಯೋಚಿಸಿದರು. "ಬಸ್ ಪಾಸಿನ ತರ?"

"ಹಾಂ, ಹಾಗೇ."

"ಅದಾದ್ರೆ ತಿಂಗಳಿಗೊಂದು ಸಲ ಸಾಕಲ್ವಾ?"

ಗಣ್ಯರ ಕಾಲು

ತೀರ್ಥಹಳ್ಳಿಯಲ್ಲಿ ಬಡಗಿಗಳಿಗಾಗಿ ಸುರಕ್ಷತೆಯ ಬಗ್ಗೆ ಒಂದು ದಿನದ ಕಾರ್ಯಾಗಾರ ಇಟ್ಟಿದ್ದರು. ಕಾಲು ಸ್ವಿಚ್ಚು ಹಾಕಿದ ಡ್ರಿಲ್ ಮಷಿನ್ ತಂದು ವೇದಿಕೆಯ ಮೇಲಿಡಿ ಎಂದು ನನಗೆ ಹೇಳಿದ್ದರು. ಇಟ್ಟೆ. ಪ್ಲಗ್ಗಿನ ಸ್ವಿಚ್ಚು ಆಫ್ ಮಾಡಿ, "ನಾನು ಹೇಳುವವರೆಗೆ ಯಾರೂ ಮುಟ್ಬೇಡಿ," ಎಂದು ಮೂರು ಸಲ ಹೇಳಿದೆ. ಡ್ರಿಲ್ಲಿನ ಕೆಂಪು ದೀಪ ಉರಿದರೆ ಫೋಟೋದಲ್ಲಿ ಚೆಂದ ಕಾಣುತ್ತದೆಂದು ಸಂಘಟಕರೊಬ್ಬರು ಮೆಲ್ಲಗೆ ಆನ್ ಮಾಡಿದ್ದು ನನಗೆ ಗೊತ್ತಾಗಲಿಲ್ಲ.

ಮುಖ್ಯ ಅತಿಥಿಗಳು ಎಚ್ಚರ ತಪ್ಪಬಾರದು ಎಂಬುದರ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಮುಂದಿನ ಸಾಲಿನ ಇಬ್ಬರು ಆಗಲೇ ಎಚ್ಚರ ತಪ್ಪಿ ಗೊರಕೆ ಹೊಡೆಯುತ್ತಿದ್ದರು. ಮಾತು ಮುಗಿದ ಮೇಲೆ ಅತಿಥಿಗಳಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು.

"ಸಾರ್, ಮಷಿನ್ ಪಕ್ಕಕ್ಕೆ ಬನ್ನಿ. ಇನ್ನೂ ಸ್ವಲ್ಪ," ಎಂದ ಫೋಟೋದವನು.

ಆ ಇನ್ನೂ ಸ್ವಲ್ಪದಲ್ಲಿ ಪೆಡಲ್ ಇತ್ತು. ಡ್ರಿಲ್ ತಿರುಗಿತು. ಶಾಲಿನ ತುದಿ ಅದಕ್ಕೆ ಸಿಕ್ಕಿ ಸುತ್ತತೊಡಗಿತು.

"ಕಾಲು ಎತ್ತಿ ಸಾರ್!" ಎಂದು ಕಿರುಚಿದೆ.

ಎತ್ತಿದರು. ಇನ್ನೊಂದು ಕಾಲನ್ನು!

ಈಗ ಅವರ ಮೈಭಾರವೆಲ್ಲ ಪೆಡಲ್ ಮೇಲೆ. ಹಣ್ಣಿನ ಬುಟ್ಟಿ ತಬ್ಬಿಕೊಂಡು ಒಂಟಿಕಾಲಲ್ಲಿ ನಿಂತ ಅವರನ್ನು ಶಾಲು ಮಷಿನ್ನಿನ ಕಡೆಗೆ ಎಳೆಯುತ್ತಿತ್ತು. "ಕಾಲು! ಕಾಲು!" ಎಂದು ಸಭೆಯೇ ಕೂಗಿತು. ಅವರು ಎತ್ತಿದ ಕಾಲನ್ನು ಇನ್ನಷ್ಟು ಮೇಲೆತ್ತಿದರು. ನಾನು ಓಡಿಹೋಗಿ ಪ್ಲಗ್ಗು ಕಿತ್ತೆ. ಶಾಲು ಹೆಗಲಿಂದ ಪೂರ್ತಿ ಕಳಚಿ ಡ್ರಿಲ್ಲಿಗೆ ಸುತ್ತಿಕೊಂಡಿತ್ತು. ಅತಿಥಿಗಳ ಮೈಗೆ ಒಂದು ಗೀರೂ ಆಗಿರಲಿಲ್ಲ.

ಮರುದಿನ ಪತ್ರಿಕೆಯಲ್ಲಿ ದೊಡ್ಡ ಫೋಟೋ. ಬಾಯಿ ತೆರೆದು, ಬುಟ್ಟಿ ತಬ್ಬಿ, ಒಂದು ಕಾಲು ಸೊಂಟದವರೆಗೆ ಎತ್ತಿ ನಿಂತ ಅತಿಥಿಗಳು. ಕೆಳಗೆ ಬರೆದಿತ್ತು: "ಸುರಕ್ಷತಾ ಕಾರ್ಯಾಗಾರಕ್ಕೆ ಗಣ್ಯರು ಚಾಲನೆ ನೀಡಿದರು."